ಎರಡನೇ ಶನಿವಾರದ ಲಾಯರಮ್ಮ

ಆಕಳಿಕೆ ಬಂದರೆ ಅವರು ಬಾಯಿಗೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಕತ್ತನ್ನು ಹಿಂದಕ್ಕೆ ಚೆಲ್ಲಿ, ಕಣ್ಣು ಬಿಗಿಯಾಗಿ ಮುಚ್ಚಿ, ದವಡೆಯ ಕೊನೆಯ ಕಟ್ಟಿಸಿದ ಹಲ್ಲು ಕಾಣುವಷ್ಟು ಬಾಯಿ ತೆರೆದು, ‘ಅಯ್ಯೋ ರಾಮ’ ಎಂಬ ಉದ್ದನೆಯ ಉಸಿರಿನಲ್ಲಿ ಮುಗಿಸುತ್ತಿದ್ದರು. ಕಣ್ಣಂಚಿಗೆ ಬಂದ ನೀರನ್ನು ಕಪ್ಪು ಕೋಟಿನ ತೋಳಿಗೆ ಒರೆಸಿಕೊಂಡು, ಮಾತನ್ನು ನಿಲ್ಲಿಸಿದ ಕಡೆಯಿಂದಲೇ ಮತ್ತೆ ಹಿಡಿಯುವರು. ಒಮ್ಮೆ ಕೋರ್ಟಿನಲ್ಲಿ ಜಡ್ಜ್ ಎದುರಿಗೇ ಹೀಗೆ ಆಕಳಿಸಿ ಬೈಸಿಕೊಂಡಿದ್ದರಂತೆ. ‘ನಿದ್ದೆ ಬರ್ತಿರೋದು ನನಗೆ ಸ್ವಾಮಿ, ನನ್ನ ಕಕ್ಷಿದಾರರಿಗಲ್ಲ. ಅವರ ಮಾತು ಕೇಳಬಹುದು’ ಎಂದಿದ್ದರಂತೆ.

ಹೊಸಕೋಟೆಯಲ್ಲಿ ಎಲ್ಲರೂ ಅವರನ್ನು ಲಾಯರಮ್ಮ ಎನ್ನುತ್ತಿದ್ದರು. ನಾನು ಮೇಡಂ ಎನ್ನುತ್ತಿದ್ದೆ. ಅವರ ಪರಿಚಯವಾದಾಗ ನಾನು ಫಿಸಿಯೋಥೆರಪಿ ಕ್ಲಿನಿಕ್ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಹಳೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಮಳಿಗೆ, ಎರಡು ಮಂಚ, ನಡುವೆ ಒಂದು ಪರದೆ. ಅವರು ಕತ್ತು ನೋವೆಂದು ಬಂದರು. ಗಲ್ಲದ ಕೆಳಗೆ ಪಟ್ಟಿ ಕಟ್ಟಿ, ಕತ್ತು ಎಳೆಯುವ ಯಂತ್ರಕ್ಕೆ ಸಿಕ್ಕಿಸಿ, ‘ಹತ್ತು ನಿಮಿಷ ಮಾತಾಡಬೇಡಿ ಮೇಡಂ’ ಎಂದೆ. ಅವರು ಹಲ್ಲು ಕಚ್ಚಿಕೊಂಡೇ ಮಾತಾಡಿದರು.

‘ಎರಡನೇ ಶನಿವಾರ ಮಧ್ಯಾಹ್ನ ಏನ್ಮಾಡ್ತೀಯ?’

‘ಏನೂ ಇಲ್ಲ. ಮನೇಲಿರ್ತೀನಿ.’

‘ಮನೇಲಿದ್ದು ಏನ್ ಮಾಡ್ತೀಯಮ್ಮ, ಬಾ. ವಯಸ್ಸಾದವರ ಕೆಲ್ಸ ಇದೆ. ಡಾಕ್ಟ್ರಿದಾರೆ, ಮೆಡಿಕಲ್ ಸ್ಟೋರಿನವರಿದಾರೆ, ನಾನಿದೀನಿ. ಕೈಕಾಲು ನೋಡೋರು ಒಬ್ರು ಕಮ್ಮಿ ಇದ್ರು.’

ಕತ್ತು ಕಟ್ಟಿಹಾಕಿಸಿಕೊಂಡು ಮಲಗಿದ ಮನುಷ್ಯರಿಗೆ ಆಗಲ್ಲ ಎನ್ನುವುದು ಹೇಗೆ? ಹೋದೆ.

ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ, ಔಷಧಿಯ ರಟ್ಟಿನ ಪೆಟ್ಟಿಗೆಗಳನ್ನು ಒಂದು ಗೋಡೆಗೆ ಒತ್ತರಿಸಿ ಮಾಡಿಕೊಂಡ ಜಾಗ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರು, ಅಂಗಡಿಯ ಯಜಮಾನರು, ಬ್ಯಾಂಕಿನ ಒಬ್ಬ ಅಧಿಕಾರಿಣಿ, ಲಾಯರಮ್ಮ, ಈಗ ನಾನು. ಕೋರ್ಟು, ಬ್ಯಾಂಕು ಎರಡಕ್ಕೂ ರಜೆಯಾದ್ದರಿಂದ ಎರಡನೇ ಶನಿವಾರ. ಸಂಘ ಎಂದು ಬೋರ್ಡು ಹಾಕಿರಲಿಲ್ಲ. ವಾಟ್ಸಾಪ್ ಗುಂಪಿಗೂ ‘ಎರಡನೇ ಶನಿವಾರ’ ಎಂದೇ ಹೆಸರು. ವಯಸ್ಸಾದವರಿಗೆ ತೊಂದರೆ ಒಂದೊಂದಾಗಿ ಬರುವುದಿಲ್ಲ ಎನ್ನುವುದು ಲಾಯರಮ್ಮನ ಲೆಕ್ಕಾಚಾರ. ಬಿದ್ದು ಸೊಂಟ ಮುರಿದುಕೊಂಡವರು ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಲಾರರು, ಹೆಬ್ಬೆಟ್ಟು ಒತ್ತದೆ ಪಿಂಚಣಿ ಬಾರದು, ಪಿಂಚಣಿ ಬಾರದೆ ಮಾತ್ರೆ ನಿಲ್ಲುತ್ತದೆ, ಮಾತ್ರೆ ನಿಂತರೆ ಸೊಸೆಗೆ ಸಿಟ್ಟು. ಅವರನ್ನು ನಮ್ಮೆಲ್ಲರ ಹತ್ತಿರ ಅಲೆಸುವ ಬದಲು ನಾವೇ ಒಂದು ಕಡೆ ಕೂರೋಣ ಎನ್ನುತ್ತಿದ್ದರು.

ಬಂದವರನ್ನು ಅವರು ಏನು ತೊಂದರೆ ಎಂದು ಕೇಳುತ್ತಿರಲಿಲ್ಲ. ಮೊದಲು ಕೂರಿಸುವರು. ಆಮೇಲೆ, ‘ಬೆಳಿಗ್ಗೆ ಏನ್ ತಿಂದ್ರಿ?’ ಎನ್ನುವರು. ತಿಂದದ್ದು ಏನು, ಮಾಡಿದ್ದು ಯಾರು, ಬಡಿಸಿದ್ದು ಯಾರು, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಹೇಳುತ್ತಾ ಹೇಳುತ್ತಾ ಮುದುಕರು ಮನೆಯನ್ನೆಲ್ಲ ಹೇಳಿಬಿಡುತ್ತಿದ್ದರು. ಲಾಯರಮ್ಮ ನಿಪ್ಪಟ್ಟು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ, ನಡುವೆ ಆಕಳಿಸುತ್ತಾ ಕೇಳುತ್ತಿದ್ದರು.

ಇದರಲ್ಲಿ ಹುಮ್ಮಸ್ಸಿನ ಮಾತೇನೂ ಇರಲಿಲ್ಲ. ಬಹುಪಾಲು ಸುಸ್ತು. ಮಗ ಹೊಡೆದನೆಂದು ಅಳುತ್ತಾ ಬಂದವರಿಗೆ ಅರ್ಜಿ ಬರೆದು, ಇಂಥ ದೂರು ಕೇಳುವ ದೊಡ್ಡಬಳ್ಳಾಪುರದ ಎ.ಸಿ. ಆಫೀಸಿನವರೆಗೂ ತಮ್ಮ ಹಳೆಯ ಕಾರಿನಲ್ಲೇ ಕರೆದುಕೊಂಡು ಹೋಗುವರು. ಮೆಟ್ಟಿಲು ಹತ್ತುವಾಗ ಆ ತಾಯಿ, ‘ಬ್ಯಾಡ ಕಣವ್ವ, ವಾಪಸ್ ಹೋಗಾನ’ ಎಂದರೆ ‘ಸರಿ, ನಡೀರಿ’ ಎಂದು ಕಾರು ತಿರುಗಿಸುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ದಾರಿಯಲ್ಲಿ ಎಳನೀರು ಕುಡಿಸಿ ಮನೆಗೆ ಬಿಟ್ಟು ಬರುತ್ತಿದ್ದರು.

ಅವರೆಂದರೆ ಏನು ಎಂದು ನನಗೆ ಅರ್ಥವಾದದ್ದು ಜಡಿಗೇನಹಳ್ಳಿ ಕಡೆಯ ಒಬ್ಬ ಅಜ್ಜಿಯಿಂದ. ಒಂದು ಶನಿವಾರ ಡಾಕ್ಟರು ಆಕೆಯನ್ನು ಮಹಡಿಗೆ ಕರೆದುಕೊಂಡು ಬಂದರು. ‘ಮೂರ್ ಸಲ ಮಾತ್ರೆ ಬದಲಾಯಿಸ್ದೆ. ಬಿ.ಪಿ. ಇಳೀತಾ ಇಲ್ಲ. ನೀವೇ ಒಂದ್ಸಲ ಮಾತಾಡ್ಸಿ’ ಎಂದರು.

‘ಬೆಳಿಗ್ಗೆ ಏನ್ ತಿಂದ್ರಮ್ಮ?’

‘ಮುದ್ದೆ, ಹುರುಳಿಕಾಳ್ ಸಾರು. ಸೊಸೆ ಬಿಸೀದೇ ಇಕ್ತಾಳೆ. ಸುಳ್ಳೇಳ್ಬಾರ್ದು.’ ಆಮೇಲೆ ಆಕೆ, ‘ಅವ್ರು ಏನ್ ತಿಂದ್ರೋ’ ಎಂದರು.

‘ಅವ್ರು ಅಂದ್ರೆ?’

‘ನಮ್ಮ್ ಯಜಮಾನ್ರು.’

ಯಜಮಾನರು ಇದ್ದದ್ದು ಹೊಸಕೋಟೆಯಲ್ಲೇ, ಈ ಅಂಗಡಿಯಿಂದ ನಾಲ್ಕು ರಸ್ತೆ ಆಚೆ. ಜಮೀನು ಪಾಲಾದಾಗ ಅಣ್ಣ ತಮ್ಮಂದಿರಿಗೆ ಜಗಳವಾಗಿ, ಅಪ್ಪನನ್ನು ದೊಡ್ಡವನು ಪೇಟೆಗೆ ಕರೆತಂದಿದ್ದ, ಅವ್ವನನ್ನು ಚಿಕ್ಕವನು ಊರಲ್ಲಿ ಇಟ್ಟುಕೊಂಡಿದ್ದ. ಇಬ್ಬರೂ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೆ ಒಬ್ಬರ ಹೊಸಲನ್ನು ಇನ್ನೊಬ್ಬರು ತುಳಿಯುತ್ತಿರಲಿಲ್ಲ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ ಒಂದು ಯುಗಾದಿ ಕಳೆದಿತ್ತು.

‘ಇಬ್ರನ್ನೂ ಒಂದೇ ಕಡೆ ಇಡಿ ಅಂತ ಅರ್ಜಿ ಹಾಕೋಣವಾ?’ ಎಂದರು ಲಾಯರಮ್ಮ.

‘ಮಕ್ಳ ಮ್ಯಾಲೆ ಕೋರ್ಟಿಗೋಗಕ್ಕಾಯ್ತದಾ ತಾಯಿ? ಅವ್ರು ನಂಗೇನ್ ಅನ್ಯಾಯ ಮಾಡವ್ರೆ?’

ಲಾಯರಮ್ಮನಿಗೆ ಒಂದು ದೊಡ್ಡ ಆಕಳಿಕೆ ಬಂದು ಹೋಯಿತು. ಆಮೇಲೆ ಡಾಕ್ಟರ ಕಡೆ ತಿರುಗಿ, ‘ಇವರ ಮೊಣಕಾಲು ಹೇಗಿದೆ?’ ಎಂದರು.

‘ಈ ವಯಸ್ಸಿಗೆ ಹೇಗಿರ್ಬೇಕೋ ಹಾಗಿದೆ.’

‘ಹಂಗಿದ್ರೆ ಫಿಸಿಯೋಥೆರಪಿ ಬರೀರಿ. ವಾರಕ್ಕೊಂದ್ಸಲ. ಬುಧವಾರ ಹನ್ನೊಂದು ಗಂಟೆ.’

ಡಾಕ್ಟರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅಂಗಡಿಯ ಯಜಮಾನರಿಗೆ ಮೊದಲೇ ಅರ್ಥವಾಗಿತ್ತು. ದೊಡ್ಡ ಮಗ ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅವರ ಅಂಗಡಿಯಲ್ಲೇ ಕೊಳ್ಳುತ್ತಿದ್ದ. ‘ಮುದುಕ್ರಿಗೆ ಭುಜ ಎತ್ತಕ್ಕಾಗಲ್ವಂತೆ, ಮೊನ್ನೆ ಆ ಹುಡ್ಗ ಹೇಳ್ತಿದ್ದ. ಡಾಕ್ಟ್ರಿಗೆ ತೋರ್ಸಪ್ಪ ಅಂತೀನಿ’ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಬುಧವಾರ ಹನ್ನೊಂದಕ್ಕೆ ನನ್ನ ಎರಡು ಮಂಚವೂ ಖಾಲಿ ಇರಬೇಕು. ಆಗಲಿ ಎಂದೆ.

ಮೊದಲ ಬುಧವಾರ ಅಜ್ಜಿ ಬೇಗ ಬಂದು ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ದೊಡ್ಡ ಮಗ ಅಪ್ಪನನ್ನು ಬಾಗಿಲಿಗೆ ಬಿಟ್ಟು ಕೆಲಸಕ್ಕೆ ಹೋದ. ನಾನು ಅಜ್ಜನ ಕೈ ಹಿಡಿದು ಒಳಗೆ ಕರೆತಂದು ಪರದೆ ಸರಿಸಿದೆ. ಅಜ್ಜ ನಿಂತರು. ಅಜ್ಜಿ ಸೆರಗು ಸರಿಮಾಡಿಕೊಂಡರು.

‘ಬಂದ್ಯಾ?’ ಎಂದರು ಅಜ್ಜ.

‘ಹ್ಞೂ. ಇಳ್ದೋಗಿದೀರ.’

‘ಸಕ್ರೆ ಕಾಯ್ಲೆ ಕಣೆ. ಅನ್ನ ಬಿಡಿಸ್ಬಿಟ್ಟವ್ರೆ.’

ನಾನು ಯಂತ್ರ ಹಚ್ಚಿ ಹೊರಗೆ ಹೋಗಿ ಕೂತೆ. ಅರ್ಧ ಗಂಟೆಯ ಚಿಕಿತ್ಸೆ ಅವತ್ತು ಊಟದ ಹೊತ್ತಿನವರೆಗೂ ನಡೆಯಿತು. ಅವರೆಕಾಯಿ ಕಾಲ ಬಂದಾಗ ಅಜ್ಜಿ ನೆನೆಸಿದ ಕಾಳನ್ನು ಡಬ್ಬಿಯಲ್ಲಿ ತರತೊಡಗಿದರು. ಇಬ್ಬರೂ ಕೂತು ಕಾಳು ಹಿದುಕಿ ಸಿಪ್ಪೆ ಬಿಡಿಸುತ್ತಿದ್ದರು. ಬೆರಳಿಗೆ ಒಳ್ಳೆಯ ವ್ಯಾಯಾಮ ಎಂದು ನಾನೂ ಬಿಟ್ಟೆ. ನನ್ನ ಕ್ಲಿನಿಕ್ಕಿನ ತುಂಬ ಹಸಿ ಅವರೆಯ ವಾಸನೆ.

ಒಂದು ಬುಧವಾರ ದೊಡ್ಡ ಮಗ ಬೇಗ ಬಂದುಬಿಟ್ಟ. ಅವ್ವನನ್ನು ಕರೆದೊಯ್ಯಲು ಬಂದ ತಮ್ಮ ಬಾಗಿಲಲ್ಲೇ ಬೈಕ್ ನಿಲ್ಲಿಸಿಕೊಂಡು ನಿಂತಿದ್ದ. ದೊಡ್ಡವನು ಅವನನ್ನು ನೋಡಿ, ಒಳಗೆ ಬಂದು ಪರದೆ ಎಳೆದ. ಅಪ್ಪ ಅವ್ವ ಡಬ್ಬಿಯ ಆಚೆ ಈಚೆ ಕೂತಿದ್ದರು.

‘ಏನ್ ಮೇಡಂ, ಇದು ಕ್ಲಿನಿಕ್ಕಾ, ಪಂಚಾಯ್ತಿ ಕಟ್ಟೆನಾ? ಭುಜ ನೋಡಿ ಅಂದ್ರೆ ನಮ್ಮನೆ ವಿಚಾರಕ್ಕೆ ಕೈ ಹಾಕ್ತೀರಾ?’

ಅಜ್ಜ ಬೆರಳಿಗಂಟಿದ ಸಿಪ್ಪೆಯನ್ನು ಒಂದೊಂದಾಗಿ ತೆಗೆದು ಡಬ್ಬಿಯ ಮುಚ್ಚಳಕ್ಕೆ ಹಾಕಿ, ಮಗನ ಹಿಂದೆ ನಡೆದರು. ಮುಂದಿನ ಬುಧವಾರ ಅಜ್ಜಿ ಒಬ್ಬರೇ ಬಂದರು. ಡಬ್ಬಿಯನ್ನು ತೆರೆಯಲಿಲ್ಲ. ಅದರ ಮುಂದಿನ ಬುಧವಾರವೂ ಹಾಗೆಯೇ.

ಲಾಯರಮ್ಮ ದೊಡ್ಡ ಮಗನ ಮನೆಗೆ ಹೋದರು. ಸಂಜೆ ನನ್ನ ಕ್ಲಿನಿಕ್ಕಿಗೆ ಬಂದು ಮಂಚದ ಮೇಲೆ ಮಲಗಿ, ‘ಹೋಗಿ ಕೂತಿದ್ದೆ ಕಣೆ. ಕಾಫಿ ಕೊಟ್ರು, ಕುಡ್ದೆ. ಬಂದೆ’ ಎಂದರು.

‘ಕಾನೂನು ಹೇಳ್ಬೇಕಿತ್ತು ಮೇಡಂ.’

‘ಹೇಳಿದ್ರೆ ಅವ್ನೂ ಒಬ್ಬ ಲಾಯರ್ ಇಡ್ತಾನೆ. ಆ ಲಾಯರೂ ನನ್ನ ಹಾಗೇ ವಾಯಿದೆ ಕೇಳ್ತಾನೆ. ಅಷ್ಟರಲ್ಲಿ ಈ ಮುದುಕ್ರು ಇರ್ಬೇಕಲ್ಲ.’

ಮತ್ತೊಂದು ಸಲ ಹೋಗಿ ಕೂತರು. ಇನ್ನೊಂದು ಸಲ ಹೋದಾಗ ನನ್ನನ್ನೂ ಕರೆದೊಯ್ದರು. ಆ ದಿನ ಮಗ ತಾನಾಗಿಯೇ ಬಾಯಿಬಿಟ್ಟ. ‘ನೋಡಿ ಲಾಯರಮ್ಮ, ನನ್ ತಮ್ಮನ್ ಮುಖ ನಾನ್ ನೋಡಲ್ಲ. ಅವ್ನ್ ಬರೋ ಜಾಗಕ್ಕೆ ನಾನ್ ಕರ್ಕೊಂಡ್ ಬರಲ್ಲ.’

‘ನೀನ್ ಬರ್ಬೇಡಪ್ಪ. ನಾನೇ ಕರ್ಕೊಂಡ್ ಹೋಗಿ ತಂದು ಬಿಡ್ತೀನಿ.’

ಅವನು ಅವರನ್ನು ದಿಟ್ಟಿಸಿ ನೋಡಿದ. ‘ನಿಮ್ಗೆ ಬೇರೆ ಕೆಲ್ಸ ಇಲ್ವಾ?’

‘ಇದೆ. ಅದಕ್ಕೇ ಹೇಳ್ತಿದೀನಿ, ಹತ್ತೂಮುಕ್ಕಾಲಿಗೆ ರೆಡಿ ಮಾಡ್ಸಿಡು. ಕಾಯಿಸ್ಬೇಡ.’

ಅಂದಿನಿಂದ ಪ್ರತಿ ಬುಧವಾರ, ಕಪ್ಪು ಕೋಟು ತೊಟ್ಟ ಲಾಯರಮ್ಮ ಅಜ್ಜನ ಕೈ ಹಿಡಿದು ನನ್ನ ಬಾಗಿಲಿಗೆ ತಂದು ಬಿಟ್ಟು, ಓಡುತ್ತಾ ಕೋರ್ಟಿಗೆ ಹೋಗಿ, ಮಧ್ಯಾಹ್ನ ಮತ್ತೆ ಬಂದು ಕರೆದೊಯ್ಯುತ್ತಿದ್ದರು. ಜೂನಿಯರ್ ವಕೀಲರು ಗೊಣಗಿದರು. ಒಂದಿಬ್ಬರು ಕಕ್ಷಿದಾರರು ಬೇರೆ ಕಡೆ ಹೋದರು. ಅವರ ಕತ್ತು ನೋವು ಹೆಚ್ಚಾಯಿತು. ಎಷ್ಟೋ ಸಲ ಕೋರ್ಟಿನಿಂದ ಬಂದು, ಅಜ್ಜ ಅಜ್ಜಿ ಇನ್ನೂ ಒಳಗೆ ಕೂತಿರುವಾಗ ಇವರು ಹೊರಗೆ ಕಾರಿನಲ್ಲಿ ಸ್ಟೀರಿಂಗಿಗೆ ತಲೆ ಒರಗಿಸಿ ನಿದ್ದೆ ಹೋಗಿರುತ್ತಿದ್ದರು.

ಮಳೆಗಾಲದಲ್ಲಿ ಅಜ್ಜನಿಗೆ ಕಫ ಕಟ್ಟಿ ನ್ಯುಮೋನಿಯಾ ಆಯಿತು. ಉಳಿಯಲಿಲ್ಲ. ತಿಥಿಯವರೆಗೂ ಅಣ್ಣ ತಮ್ಮಂದಿರು ಒಂದೇ ಚಪ್ಪರದ ಕೆಳಗೆ ಓಡಾಡಿದರು, ಮಾತಾಡಲಿಲ್ಲ. ಅದು ಮುಗಿದ ಮೇಲೆ ಚಿಕ್ಕವನು ಅವ್ವನನ್ನು ಬೈಕಿನಲ್ಲಿ ಕೂರಿಸಿಕೊಂಡು ಊರಿಗೆ ಹೋದ. ಅಷ್ಟೇ. ಯಾರೂ ಬದಲಾಗಲಿಲ್ಲ.

ಅದರ ನಂತರದ ಎರಡನೇ ಶನಿವಾರ ಮಹಡಿಯಲ್ಲಿ ನಾನು, ಲಾಯರಮ್ಮ ಇಬ್ಬರೇ. ಬ್ಯಾಂಕಿನವರಿಗೆ ವರ್ಗವಾಗಿತ್ತು. ಡಾಕ್ಟರಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅಂಗಡಿಯವರು ಕೆಳಗೆ ವ್ಯಾಪಾರದಲ್ಲಿದ್ದರು. ನನಗೆ ತಡೆಯಲಾಗಲಿಲ್ಲ.

‘ಇಷ್ಟೆಲ್ಲ ಒದ್ದಾಡಿ ಏನಾಯ್ತು ಮೇಡಂ? ನನಗಂತೂ ಸಾಕಾಗಿದೆ.’

‘ನಂಗೂ ಸಾಕಾಗಿದೆ ಕಣೆ’ ಎಂದರು, ಏನೂ ಬೇಸರವಿಲ್ಲದೆ. ‘ಏನೂ ಆಗ್ಲಿಲ್ಲ. ಅವ್ರಿಬ್ರಿಗೆ ಅಷ್ಟು ಬುಧವಾರ ಸಿಕ್ತು.’ ಒಂದು ನಿಪ್ಪಟ್ಟು ಮುರಿದು, ‘ಸಾಕಾದ್ರೆ ಬರ್ಬೇಡ. ತಪ್ಪೇನಿಲ್ಲ. ಹೋಗುವಾಗ ಫ್ಯಾನ್ ಆರಿಸ್ಬಿಟ್ಟು ಹೋಗು’ ಎಂದರು.

ನಾನು ಹೋಗಲಿಲ್ಲ. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೋ ಊರುಗೋಲಿನ ಸದ್ದು ಮಾಡುತ್ತಾ ಬರುತ್ತಿದ್ದರು, ಕೈ ಕೊಡಲು ಎದ್ದೆ.

ಎರಡು ವರ್ಷದ ಮೇಲೆ, ಕೋರ್ಟಿನ ವರಾಂಡದಲ್ಲೇ ಲಾಯರಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮದುವೆಯಾಗದ ಅವರು ವಿಧವೆ ಅಕ್ಕನ ಜೊತೆ ಕೆರೆಯ ಕಡೆಯ ರಸ್ತೆಯಲ್ಲಿ ಇದ್ದರು. ಯಾರೂ ಯಾರಿಗೂ ಹೇಳಲಿಲ್ಲ, ಆದರೆ ಎಲ್ಲರೂ ಬಂದೆವು. ಡಾಕ್ಟರು ಆಟೋದಲ್ಲಿ ಬಂದು ಬಿ.ಪಿ. ನೋಡಿ ಹೋಗುವರು. ಅಂಗಡಿಯವರು ಮಾತ್ರೆಯನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಪೊಟ್ಟಣ ಕಟ್ಟಿ ತಾವೇ ತಂದುಕೊಡುವರು. ಬ್ಯಾಂಕಿನವರು ಕೋಲಾರದಿಂದ ಫೋನ್ ಮಾಡಿ ಅಕ್ಕನ ಕೈಲಿ ಯಾವ ಕಾಗದಕ್ಕೆ ಸಹಿ ಹಾಕಿಸಬೇಕೆಂದು ಹೇಳುವರು. ನಾನು ದಿನಾ ಮಧ್ಯಾಹ್ನ ಕೈಕಾಲು ಆಡಿಸಲು ಹೋಗುತ್ತಿದ್ದೆ. ನಾಲ್ಕು ತಿಂಗಳು ಹೀಗೆ ನಡೆದು, ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಮಣ್ಣಿಗೆ ಬಂದವರಲ್ಲಿ ಹೆಚ್ಚಿನವರು ಊರುಗೋಲಿನವರು. ಅಷ್ಟು ಜನಕ್ಕೆ ಕುರ್ಚಿ ಸಾಲದೆ ಪಕ್ಕದ ಮನೆಗಳಿಂದ ತಂದು ಹಾಕಿದೆವು.

ಅವರಿಂದ ನಾನು ಪಡೆದದ್ದು ಏನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ನಾಲ್ಕು ತಿಂಗಳಲ್ಲಿನ ಒಂದು ಮಧ್ಯಾಹ್ನ. ಬೆಳಿಗ್ಗೆಯಿಂದ ನಿಂತೇ ಇದ್ದೆ. ನನ್ನ ಮಗುವಿಗೆ ಜ್ವರ ಬಂದು ಹಿಂದಿನ ಮೂರು ರಾತ್ರಿ ನಿದ್ದೆ ಇರಲಿಲ್ಲ. ಲಾಯರಮ್ಮನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಮುಷ್ಟಿ ಕಟ್ಟಿದ್ದ ಅವರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತವಳಿಗೆ ಯಾವಾಗ ಕಣ್ಣು ಮುಚ್ಚಿತೋ ತಿಳಿಯದು.

ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆ ದಾಟಿ ಹೋಗಿತ್ತು. ನನ್ನ ಮುಖಕ್ಕೆ ತಣ್ಣಗೆ ಗಾಳಿ ಬೀಸುತ್ತಿತ್ತು. ಮಂಚದ ಕಡೆಗಿದ್ದ ಫ್ಯಾನು ನನ್ನ ಕಡೆ ತಿರುಗಿತ್ತು. ಲಾಯರಮ್ಮನ ಕತ್ತಿನ ಸುತ್ತ ದಿಂಬು ಬೆವರಿಗೆ ಒದ್ದೆಯಾಗಿತ್ತು. ನನ್ನ ಕೈ ಅವರ ಬಲಗೈಯನ್ನು ಹಿಡಿದೇ ಇತ್ತು, ಅದರ ಮೇಲೆ ಅವರು ಎಡಗೈ ಇಟ್ಟಿದ್ದರು.

‘ಎಬ್ಬಿಸೋಣ ಅಂತ ಬಂದ್ರೆ ಕಣ್ಣಲ್ಲೇ ಗದರಿಸ್ಬಿಟ್ಳಮ್ಮ’ ಎಂದರು ಬಾಗಿಲಲ್ಲಿ ನಿಂತಿದ್ದ ಅಕ್ಕ. ‘ಫ್ಯಾನ್ ನಿನ್ ಕಡೆ ತಿರುಗ್ಸೋವರ್ಗೂ ಬಿಡ್ಲಿಲ್ಲ.’

‘ಸಾರಿ ಮೇಡಂ’ ಎನ್ನುತ್ತಾ ಏಳಹೋದೆ. ಅವರ ಎಡಗೈ ಬಿಡಲಿಲ್ಲ. ಸೊಟ್ಟಗಾಗಿದ್ದ ತುಟಿ ಒಂದು ಮಾತಿಗಾಗಿ ಬಹಳ ಹೊತ್ತು ಹುಡುಕಾಡಿತು.

‘ಮ...ಲ್ಕೊ.’

ಮತ್ತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ. ಬಂದಿದೆ ಎಂದು ಅವರು ತಿಳಿಯಲಿ ಎಂದು ಮುಚ್ಚಿಕೊಂಡೇ ಇದ್ದೆ.