ಜಗಲಿಯ ಮೇಲಿನ ಚಿಲುಮೆ

ನಮ್ಮ ಮನೆಯಲ್ಲಿ ಒಬ್ಬರಿಗೂ ಬೀಡಿಯ ಚಟ ಇರಲಿಲ್ಲ. ಆದರೂ ದೇವರ ಜಗಲಿಯ ಮೇಲೆ, ಕಟ್ಟಿಗೆಯ ಪಾದುಕೆಗಳ ಪಕ್ಕದಲ್ಲಿ, ಗಾಂಜಾ ಸೇದುವ ಚಿಲುಮೆಯೊಂದು ವಿಭೂತಿ ಹಚ್ಚಿಸಿಕೊಂಡು ಕೂತಿರುತ್ತಿತ್ತು. ಊರು ಬಿಟ್ಟು ಬಂದು ನಾವು ನೆಲೆಸಿದ್ದ ಧನಕವಡಿಯ ಆ ಎರಡು ಕೋಣೆಯ ಮನೆಗೆ ಬರುತ್ತಿದ್ದ ಮರಾಠಿ ನೆರೆಯವರು ಅದನ್ನು ಊದಿನಕಡ್ಡಿ ಸಿಗಿಸುವ ಸಾಮಾನು ಎಂದುಕೊಂಡು ಕೈಮುಗಿದು ಹೋಗುತ್ತಿದ್ದರು. ನಾವೂ ಬಾಯಿ ಬಿಡುತ್ತಿರಲಿಲ್ಲ.

ಅದು ನಮ್ಮ ಮುತ್ತಜ್ಜನ ಗುರುವಿನದು. ಯಾದಗಿರಿ ಕಡೆಯ ನಮ್ಮ ಹಳ್ಳಿಯಲ್ಲಿ ಅಂಥ ಅವಧೂತರನ್ನು ಅಜ್ಜ ಎಂದೇ ಕರೆಯುತ್ತಾರೆ. ಅಜ್ಜ ಚಿಲುಮೆ ಸೇದಿ ಧ್ಯಾನಕ್ಕೆ ಕೂರುತ್ತಿದ್ದನಂತೆ. ಅವನು ದೇಹ ಬಿಟ್ಟ ಮೇಲೆ ಪಾದುಕೆ ಮತ್ತು ಚಿಲುಮೆ ನಮ್ಮ ಮನೆತನಕ್ಕೆ ಬಂದವು. ಕಪ್ಪು ಮಣ್ಣಿನ ಚಿಲುಮೆ, ಗೇಣಿಗಿಂತ ಚಿಕ್ಕದು, ಮೇಲೆ ಅಗಲ, ಕೆಳಗೆ ಸಪೂರ. ಕೆಂಡ ಬಾಯಿಗೆ ಇಳಿಯದಂತೆ ಒಳಗೆ ಒಂದು ಸಣ್ಣ ಕಲ್ಲು. ಸೇದುವಾಗ ತುದಿಗೆ ಸುತ್ತುವ ಬಟ್ಟೆಯನ್ನೂ ಅಪ್ಪ ಒಗೆದು ಮಡಚಿ ಇಟ್ಟಿದ್ದ.

ಗುರುವಾರ ಅದಕ್ಕೆ ನೈವೇದ್ಯ. ಒಂದು ಚಿಟಿಕೆ ಗಾಂಜಾ ತುಂಬಿ, ಮೇಲೆ ಕರ್ಪೂರ ಇಟ್ಟು ಹಚ್ಚಿ, ಹೊಗೆ ಏಳುವವರೆಗೆ ಪಾದುಕೆಗಳ ಮುಂದೆ ಹಿಡಿಯಬೇಕು. ಯಾರೂ ಸೇದುವಂತಿಲ್ಲ. ಅಪ್ಪನ ಬಾಲ್ಯದಲ್ಲಿ ಗಾಂಜಾ ಪರವಾನಗಿಯ ಅಂಗಡಿಯಲ್ಲೇ ಸಿಗುತ್ತಿತ್ತಂತೆ, ಸಂತೆಗೆ ಹೋದವರು ಎಲೆ ಅಡಿಕೆಯ ಜೊತೆ ಅದನ್ನೂ ತರುತ್ತಿದ್ದರಂತೆ. ಎಂಬತ್ತರ ದಶಕದಲ್ಲಿ ಕಾಯ್ದೆ ಬಿಗಿಯಾಯಿತು. ಅಪ್ಪನೋ ಕಾತ್ರಜದ ಒಂದು ಲಾರಿ ಸಾಗಣೆ ಕಚೇರಿಯಲ್ಲಿ ಗುಮಾಸ್ತ. ಖಾಲಿ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ಸೈಕಲ್ಲಿನಿಂದ ಇಳಿದು ನಿಲ್ಲುವ ಜಾತಿಯವನು. ಗಾಂಜಾ ಬಿಟ್ಟು ಒಣಗಿದ ತುಳಸಿ ತುಂಬತೊಡಗಿದ.

"ಅಜ್ಜಗ ಕಾಯ್ದೆ ತಿಳೀತದ. ಸಿಟ್ಟಾಗಂಗಿಲ್ಲ," ಎನ್ನುತ್ತಿದ್ದ.

ತುಳಸಿಯ ಹೊಗೆಗೆ ನಾವೆಲ್ಲ ಕೆಮ್ಮುತ್ತಿದ್ದೆವು. ಅಜ್ಜನೂ ಕೆಮ್ಮುತ್ತಿರಬೇಕು ಎಂದು ನಾನು ಚುಡಾಯಿಸಿದರೆ ಅಪ್ಪ ನಗು ತಡೆದುಕೊಂಡು ಕಣ್ಣು ಮುಚ್ಚುತ್ತಿದ್ದ. ವಾರವಿಡೀ ಲಾರಿ ಮಾಲೀಕರ ಮುಂದೆ ತಲೆ ತಗ್ಗಿಸುವ ಅಪ್ಪ, ಆ ಹೊತ್ತಿನಲ್ಲಿ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಅವನನ್ನು ಹಾಗೆ ನೋಡುವುದು ನನಗೆ ಬಹಳ ಇಷ್ಟವಾಗಿತ್ತು.

ಅಷ್ಟರಲ್ಲಿ ಎರಡು ಸಾವಿರದ ಇಸವಿ ದಾಟಿತು. ಕಾಲೇಜುಗಳ ಹತ್ತಿರದ ಅಂಗಡಿಗಳಲ್ಲಿ ಗಾಜಿನ ಪೈಪು, ಹಿತ್ತಾಳೆಯ ಪೈಪು, ಸುತ್ತುವ ತೆಳು ಕಾಗದದ ಪೊಟ್ಟಣಗಳು ಕಾಣಿಸಿಕೊಂಡವು. ಕೀಲಿಗೊಂಚಲುಗಳ ಪಕ್ಕದಲ್ಲಿ ಶಿವನ ಮುಖ ಕೆತ್ತಿದ ಚಿಲುಮೆಗಳೂ ತೂಗಾಡುತ್ತಿದ್ದವು. ಅಪ್ಪ ಅವುಗಳ ಮುಂದೆ ಹಾಯುವಾಗ ಹೆಜ್ಜೆ ಜೋರು ಮಾಡುತ್ತಿದ್ದ. ಬರೀ ಚಿಲುಮೆ ಇಟ್ಟುಕೊಂಡರೂ ಅಪರಾಧವೋ ಏನೋ ಅವನಿಗೆ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳಿದರೆ ಮನೆಯಲ್ಲಿರುವುದು ಬಯಲಾಗುತ್ತದೆ ಎಂಬ ಭಯದಿಂದ ಕೇಳಿರಲೂ ಇಲ್ಲ.

ಆಗಲೇ ನನಗೊಂದು ಸಂಬಂಧ ಬಂತು. ಹುಡುಗ ಚಾಕಣದ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದ. ಫೋಟೋ ನೋಡಿದ್ದೆ. ಸುಳ್ಳೇಕೆ, ಮನಸ್ಸಿಗೆ ಬಂದಿದ್ದ. ಆದರೆ ಅವನ ತಂದೆ ಪೊಲೀಸ್ ಹವಾಲ್ದಾರರಾಗಿ ನಿವೃತ್ತರಾದವರು ಎಂದು ಗೊತ್ತಾದಾಗ ಅವ್ವ ಮೊದಲು ನೋಡಿದ್ದು ಜಗಲಿಯತ್ತ.

"ಅವರು ಬಂದು ಹೋಗೂತನಾ ಅಜ್ಜನ್ನ ಕಪಾಟದಾಗ ಇಡ್ರಿ," ಎಂದಳು.

"ಬಂದವ್ರಿಗೆ ಅಂಜಿ ಅಜ್ಜನ್ನ ಮುಚ್ಚಿಡಲೇನು? ನನ್ನ ಕಡಿಂದ ಆಗಂಗಿಲ್ಲ," ಎಂದ ಅಪ್ಪ. ಹಾಗೆ ಹೇಳಿದನಾದರೂ ಅವರು ಬಂದ ದಿನ ಬೆಳಗಿನಿಂದ ಚಿಲುಮೆಯನ್ನು ಪಾದುಕೆಗಳ ಆಚೆಗೊಮ್ಮೆ ಈಚೆಗೊಮ್ಮೆ ಸರಿಸುತ್ತಲೇ ಇದ್ದ.

ನಮ್ಮ ಕಡೆಯ ಹಿರಿಯರು ಹೊಸ ಮನೆಗೆ ಬಂದರೆ ಮೊದಲು ಜಗಲಿಗೆ ನಮಸ್ಕಾರ ಮಾಡಿಯೇ ಕೂರುವುದು. ಹವಾಲ್ದಾರರೂ ಅಥಣಿ ಕಡೆಯವರು, ಹಾಗೇ ಮಾಡಿದರು. ಬಗ್ಗಿದವರು ಏಳಲಿಲ್ಲ. ಕೇಳದೆಯೇ ಚಿಲುಮೆ ಎತ್ತಿಕೊಂಡು ಬೋರಲು ಹಾಕಿ, ಕಲ್ಲನ್ನು ಅಂಗೈಗೆ ಬೀಳಿಸಿ, ಮೂಗಿಗೆ ಹಿಡಿದರು. ಎಷ್ಟು ಮನೆಗಳಲ್ಲಿ ಹಾಗೆ ಮೂಸಿದ್ದರೋ, ಕೈಗೆ ಚೆನ್ನಾಗಿ ರೂಢಿಯಾಗಿತ್ತು.

"ತುಳಸಿ ಏನ್ರಿ ಇದು?"

"ಹೌದ್ರಿ," ಎಂದ ಅಪ್ಪ ಎಲ್ಲವನ್ನೂ ಹೇಳಿದ.

ಹವಾಲ್ದಾರರು ಹೊಟ್ಟೆ ಕುಲುಕಿಸಿ ನಕ್ಕರು. "ಬರೇ ಚಿಲುಮಿ ಇಟ್ಕೊಂಡ್ರ ಗುನ್ನೆ ಅಲ್ರಿ. ಅದರಾಗ ಏನ್ ತುಂಬತೀರಿ ಅನ್ನೂದರ ಮ್ಯಾಲ ಅದ. ತುಳಸಿಗೆ ಯಾವ ಕಾಯ್ದೇನೂ ಹತ್ತಂಗಿಲ್ಲ."

ಅಪ್ಪನ ಮುಖ ಅರಳಿತು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಭಯ ಒಂದು ಮಾತಿಗೆ ಹೋಗಿತ್ತು. ನಾನು ಉಪ್ಪಿಟ್ಟಿನ ತಟ್ಟೆ ಕೊಟ್ಟೆ, ಹುಡುಗ ನನ್ನನ್ನು ನೋಡಿ ಮುಗುಳ್ನಕ್ಕ, ಅವ್ವ ಸೆರಗಿನಿಂದ ಬೆವರು ಒರೆಸಿಕೊಂಡಳು. ಎಲ್ಲ ಸುಸೂತ್ರ ಎಂದುಕೊಂಡೆವು.

ಚಹಾ ಕುಡಿದ ಮೇಲೆ ಹವಾಲ್ದಾರರು ಸಮಾಧಾನದಿಂದಲೇ ಹೇಳಿದರು: "ಹುಡುಗಿ ನಮಗ ಒಪ್ಪಿಗಿ ಅದ. ಆದ್ರ ನಾ ಸರ್ವಿಸ್‌ದಾಗ ಇಂಥಾವು ಭಾಳ ಒಡದು ಹಾಕೀನಿ. ನನ್ನ ಬೀಗರ ಜಗಲಿ ಮ್ಯಾಲೇ ಇದು ಅದ ಅಂದ್ರ ನಾಕ ಮಂದಿ ನಗತಾರ. ಇದನ್ನ ಹೊಳಿಗೆ ಬಿಟ್ಟುಬಿಡ್ರಿ. ಮುಂದಿನ ಮಾತು ಆಡೂಣು."

ಅಪ್ಪ ಜಗಲಿಯತ್ತ ನೋಡಲಿಲ್ಲ, ನನ್ನನ್ನು ನೋಡಿದ. ನನ್ನ ಮುಖದಲ್ಲಿ ಏನು ಕಂಡನೋ.

"ಹೂಂ ರೀ," ಎಂದ.

ನನಗೆ ಮೈಯೆಲ್ಲ ಉರಿಯಿತು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಯಾರೂ ಕೇಳದಿದ್ದಕ್ಕೂ ನಾನು ಕೊಟ್ಟೆ. "ಬ್ಯಾಡ್ರಿ. ನನ್ನ ಲಗ್ನಕ್ಕಂತ ಅಜ್ಜನ್ನ ಹೊಳಿಗೆ ಹಾಕೂದು ಬ್ಯಾಡ."

ಹವಾಲ್ದಾರರು ಕೂಗಾಡಲಿಲ್ಲ, ಮರ್ಯಾದಸ್ಥರು. "ಬರ್ತೀವ್ರಿ" ಎಂದು ಎದ್ದರು. ಹುಡುಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಒಮ್ಮೆ ಹಿಂದಿರುಗಿ ನೋಡಿದ. ಆ ನೋಟ ಬಹಳ ದಿನ ನನ್ನನ್ನು ಕಾಡಿತು. ಅವ್ವ ನನ್ನ ನಾಲಿಗೆಗೆ ಶಾಪ ಹಾಕಿದಳು. ನನಗೆ ಒಳಗೊಳಗೇ ಹೆಮ್ಮೆ: ಸಂಬಂಧ ಹೋದರೂ ಅಪ್ಪನ ಅಜ್ಜನನ್ನು ಉಳಿಸಿಕೊಟ್ಟೆನಲ್ಲ ಎಂದು.

ಗುರುವಾರ ಬಂತು. ಅಪ್ಪ ಎಂದಿನಂತೆ ಸ್ನಾನ ಮಾಡಿ, ಮಡಿ ಉಟ್ಟು ಬಂದ. ಆದರೆ ದೇವರ ಮುಂದೆ ಕೂರಲಿಲ್ಲ. ಆ ಕೋಣೆಯ ಹೊಸ್ತಿಲ ಹೊರಗೇ ನಿಂತು, "ಇನ್ನ ಮ್ಯಾಲ ನೀ ಮಾಡವಾ," ಎಂದ.

"ಯಾಕಪಾ? ಅಜ್ಜ ಇಲ್ಲೇ ಅದಾನಲ್ಲ?"

"ಅಂವ ಅದಾನ. ನಾ ಹೂಂ ಅಂದೆ. ನೀ ಬ್ಯಾಡ ಅನ್ನೂದಕ್ಕಿಂತ ಮದಲ ಅಂದೆ. ಅಂವ ಅದನ್ನ ಕೇಳಿಸ್ಕೊಂಡಾನ."

ಎಷ್ಟು ಹೇಳಿದರೂ ಒಳಗೆ ಬರಲಿಲ್ಲ. ಚಿಟಿಕೆ ತುಳಸಿ ತುಂಬಿ, ಕರ್ಪೂರ ಹಚ್ಚಿ ನಾನೇ ಹಿಡಿದೆ. ಮುಂದೆ ಬೇರೆ ಕಡೆ ಮದುವೆಯಾಗಿ ಹಡಪಸರಕ್ಕೆ ಹೋದ ಮೇಲೂ ಗುರುವಾರ ಬಸ್ಸು ಹಿಡಿದು ಬಂದು ಹಿಡಿದೆ. ಅಪ್ಪ ಸಾಯುವವರೆಗೂ ಹೊಸ್ತಿಲ ಆಚೆಯಿಂದಲೇ ಕೈಮುಗಿದ, ಬೆನ್ನು ಬಾಗಿಸಿಕೊಂಡು. ಆ ಹೂಂ ಯಾರ ಸಲುವಾಗಿ ಬಂದದ್ದೆಂದು ನನಗೆ ಗೊತ್ತಿತ್ತು. ಅದಕ್ಕೇ ಅವನ ಕೈ ಹಿಡಿದು ಒಳಗೆ ಕರೆಯುವ ಧೈರ್ಯ ನನಗೆ ಬರಲೇ ಇಲ್ಲ.