ಬಳೆಗಾರ ಚಾಚಿ ಇಡಿಸಿದ ಕರಿ ಚಸ್ಮಾ

ಶಿಗ್ಗಾವಿಯ ಚಸ್ಮಾದಂಗಡಿಯಲ್ಲಿ ಮೊಮ್ಮಗಳಿಗೆಂದು ಒಂದು ಪುಟ್ಟ ಕೂಲಿಂಗ್ ಗ್ಲಾಸ್ ಕೈಗೆತ್ತಿಕೊಂಡೆ. ಗುಲಾಬಿ ಬಣ್ಣದ ಫ್ರೇಮು, ಮೂಲೆಯಲ್ಲೊಂದು ಮೊಲ. ಕೂಸಿನ ಮೂಗಿಗೆ ಏರಿಸುವ ಮೊದಲೇ ನನ್ನ ಕೈ ತಾನಾಗಿ ಅದನ್ನು ಬಾಗಿಲಿನ ಕಡೆ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿತು. ಗಾಜಿನೊಳಗಿಂದ ಕಂಡ ಬಾಗಿಲ ಚೌಕಟ್ಟು ನೆಟ್ಟಗೆ ನಿಂತಿತ್ತು, ಬಳುಕಲಿಲ್ಲ. "ಏನ್ ನೋಡಾಕತ್ತೀರಿ ಅಜ್ಜಿ?" ಎಂದಳು ಅಂಗಡಿಯ ಹುಡುಗಿ. ಏನೆಂದು ಹೇಳಲಿ ಅವಳಿಗೆ... ಅರವತ್ತು ವರ್ಷಕ್ಕೂ ಹಿಂದೆ ದುಂಡಸಿಯ ನಮ್ಮ ಮನೆಯ ಹೊಸ್ತಿಲಲ್ಲಿ ಕುಳಿತು ಹೀಗೇ ಗಾಜು ಆಡಿಸಿದವಳು ಬಳೆಗಾರ ಚಾಚಿ.

ಊರಿಗೆಲ್ಲ ಚಾಚಿ, ಅಂದರೆ ಚಿಕ್ಕಮ್ಮ; ಅವಳು ಸವಣೂರಿನವಳು. ಹಬ್ಬ ಹತ್ತಿರ ಬಂದಾಗಲೆಲ್ಲ ಬಳೆಯ ಗಂಟು ಹೊತ್ತು, ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ, ನಡು ಮಧ್ಯಾಹ್ನ ನಮ್ಮೂರಲ್ಲಿ ಇಳಿಯುತ್ತಿದ್ದಳು. ಊರಿಗೆ ದಿನಕ್ಕೆ ಬರುತ್ತಿದ್ದುದು ಅದೊಂದೇ ಬಸ್ಸು. ಅದರ ಪೊಂ ಪೊಂ ಕೇಳಿದರೆ ಸಾಕು, ಉಣ್ಣುತ್ತಿದ್ದ ತಾಟು ಬಿಟ್ಟು ನಾವೆಲ್ಲ ಓಡುತ್ತಿದ್ದೆವು. ಬಸ್ಸು ಆಲದ ಮರದ ಕೆಳಗೆ ನಿಲ್ಲುತ್ತಿತ್ತು. ಡ್ರೈವರ್ ಅಲ್ಲೇ ಕುಳಿತು ರೊಟ್ಟಿ ತಿಂದು, ಕೈ ತೊಳೆದು, ಒಮ್ಮೆ ಹಾರ್ನ್ ಹೊಡೆದು ಹೊರಟುಬಿಡುತ್ತಿದ್ದ. ಅಷ್ಟರೊಳಗೆ ಬಸ್ಸಿನ ಮೈ ಮುಟ್ಟಿ ಬರುವುದು ನಮ್ಮ ದಿನದ ದೊಡ್ಡ ಕೆಲಸ.

ಓಡದವಳು ನನ್ನ ತಂಗಿಯೊಬ್ಬಳೇ. ಅವಳು ಹುಟ್ಟುವಾಗಲೇ ಹಾಲಿನಷ್ಟು ಬೆಳ್ಳಗಿದ್ದಳು. ತಲೆಗೂದಲು, ಹುಬ್ಬು, ಕಣ್ಣಿನ ರೆಪ್ಪೆ ಎಲ್ಲ ಬಿಳಿ. ಬಿಸಿಲಿಗೆ ಬಂದರೆ ಕಣ್ಣು ಬಿಡಲಾಗುತ್ತಿರಲಿಲ್ಲ, ನೀರು ಸುರಿಯುತ್ತಿತ್ತು. ಹಗಲೆಲ್ಲ ನಡುಮನೆಯ ಕತ್ತಲಲ್ಲಿ ಕುಳಿತು, ಹೊತ್ತು ಮುಳುಗಿದ ಮೇಲೆ ಅಂಗಳಕ್ಕೆ ಬರುತ್ತಿದ್ದಳು. ಐದು ವರ್ಷ ತುಂಬಿದರೂ ಬಸ್ಸನ್ನು ಕಿವಿಯಿಂದ ಕೇಳಿದ್ದೇ ಹೊರತು ಕಣ್ಣಿಂದ ಕಂಡಿರಲಿಲ್ಲ. "ಅಕ್ಕಾ, ಬಸ್ಸು ಹೆಂಗಿರತೈತಿ?" ಎಂದು ದಿನಾ ಜೀವ ತಿನ್ನುತ್ತಿದ್ದಳು. ಬೇಸತ್ತು ಒಮ್ಮೆ, "ಎಮ್ಮಿ ಇದ್ದಂಗ ಇರತೈತಿ, ಎರಡು ಕೊಂಬ ಅದಾವ" ಎಂದುಬಿಟ್ಟಿದ್ದೆ. ಅವಳು ನಂಬಿದಳು. ಅಂದಿನಿಂದ ಆ ಕೊಂಬನ್ನು ನೋಡಲೇಬೇಕೆಂಬುದು ಅವಳ ಒಂದೇ ಹಟ.

ಅಪ್ಪ ಒಬ್ಬನೇ ಹೋಗಿ ಕೇಳಿದಾಗ, ಶಿಗ್ಗಾವಿಯ ಡಾಕ್ಟರು ಕರಿ ಗಾಜಿನ ಚಸ್ಮಾ ಹಾಕಿಸಿ ಎಂದಿದ್ದರು. ಆದರೆ ಆ ಕಾಲಕ್ಕೆ ಕರಿ ಚಸ್ಮಾ ಎಂದರೆ ಕಣ್ಣಿನ ಪೊರೆ ತೆಗೆಸಿದ ಮುದುಕರದು. ಕೂಸುಗಳ ಅಳತೆಯದು ಎಲ್ಲಿ ಸಿಗಬೇಕು? ಅಪ್ಪ ತಂದದ್ದು ಅವಳ ಮೂಗಿನಿಂದ ಜಾರಿ ಗದ್ದಕ್ಕೆ ಬಂದು ಕೂತಿತು. ಹುಲಗೂರಿನ ಉರುಸಿನಲ್ಲಿ ಅವ್ವ ಒಂದು ಕೊಂಡಳು, ಅದಕ್ಕೆ ಗಾಜಿನ ಬದಲು ಕೆಂಪು ಜಿಲೇಟಿನ್ ಕಾಗದ. ತಂಗಿ ಅದನ್ನು ಹಾಕಿಕೊಂಡು ಅಂಗಳಕ್ಕೆ ಹೋದವಳು ಅಳುತ್ತ ಒಳಗೆ ಬಂದಳು.

ಅದನ್ನು ಬಳೆ ಇಡಿಸಲು ಬಂದ ಚಾಚಿ ನೋಡಿದಳು. "ಇದು ಆಟಕ್ಕ ಛಲೋರಿ ಅಕ್ಕಾರ, ಕಣ್ಣಿಗಲ್ಲ. ಹುಬ್ಬಳ್ಳಿಗೆ ಮಾಲು ತರಾಕ ಹೋಗ್ತೇನಲ್ಲ, ಅಲ್ಲಿ ನೋಡ್ತೇನಿ" ಎಂದಳು. ಅಳತೆ ಬೇಕಲ್ಲ. ಚಾಚಿ ಗಂಟಿನಿಂದ ಒಂದೊಂದೇ ಬಳೆ ತೆಗೆದು ತಂಗಿಯ ಕಣ್ಣಿಗೆ ಆನಿಸಿ ನೋಡಿದಳು. ಹುಬ್ಬನ್ನೂ ಕೆನ್ನೆಯ ಎಲುಬನ್ನೂ ಮುಚ್ಚಿದ ಬಳೆಯನ್ನು ಬೇರೆ ಇಟ್ಟುಕೊಂಡಳು. ಕಿವಿಯಿಂದ ಕಿವಿಗೆ ದಾರ ಹಿಡಿದು ಗಂಟು ಹಾಕಿದಳು. ಕೈ ಅದುಮಿ ನೋಡಿ ಬಳೆ ಆರಿಸುವ ಹೆಂಗಸಿಗೆ ಮುಖದ ಅಳತೆ ತೆಗೆಯುವುದೂ ಹಾಗೇ ಬಂತು. ಆಗ ತಂಗಿಗೆ ಆದ ಕಚಗುಳಿ, ಅವಳ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಯುಗಾದಿಯ ಮುಂಚೆ ಒಂದು ದಿನ ಬಸ್ಸು ಬಂತು. ನಾನು ಓಡಿದೆ. ಚಾಚಿ ಇಳಿಯುತ್ತಲೇ ಸೊಂಟದ ಚೀಲ ತಟ್ಟಿ ತೋರಿಸಿದಳು. ನಾನು ಬಸ್ಸನ್ನು ಮುಟ್ಟುವುದನ್ನೂ ಮರೆತು ಮನೆಗೆ ಹಾರಿದೆ. "ತಂಗೀ, ಬಂತು! ಬಸ್ಸ ಇನ್ನೂ ನಿಂತೈತಿ, ಡ್ರೈವರ್ ಈಗ ರೊಟ್ಟಿ ಬಿಚ್ಚಿದಾನ" ಎಂದು ಕೂಗಿದೆ. ತಂಗಿ ಎದ್ದು ನಿಂತೇಬಿಟ್ಟಳು.

ಆದರೆ ಚಾಚಿಗೆ ಯಾವ ಅವಸರವೂ ಇರಲಿಲ್ಲ. ನೀರು ಕುಡಿದಳು. ಬಟ್ಟೆ ಹಾಸಿದಳು. ಅದರ ಮೇಲೆ ನಾಲ್ಕು ಚಸ್ಮಾ ಸಾಲಾಗಿ ಇಟ್ಟಳು. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಂದನ್ನು ಎತ್ತಿ ಬಾಗಿಲಿನ ಕಡೆ ಹಿಡಿದು ಮೇಲೆ ಕೆಳಗೆ ಆಡಿಸಿದಳು. "ನೋಡ್ರಿ, ಚೌಕಟ್ಟು ಬಳುಕಾಕತ್ತೈತಿ. ಇಂಥಾ ಗಾಜು ಹಾಕಿದ್ರ ಕೂಸಿಗೆ ತಲಿ ತಿರಗತೈತಿ" ಎಂದು ಅದನ್ನು ಬದಿಗಿಟ್ಟಳು. ಎರಡನೆಯದರ ಕಡ್ಡಿ ಕಿವಿಯ ಹಿಂದೆ ಚುಚ್ಚಿತು. ಮೂರನೆಯದು ತಂಗಿಗೆ ಬಲು ಇಷ್ಟವಾಯಿತು, ಅಂಚಿಗೆ ಹೊಳೆಯುವ ಹರಳು ಇದ್ದವು. ಚಾಚಿ ಅವಳ ಕೆನ್ನೆಯ ಪಕ್ಕಕ್ಕೆ ಬೆರಳು ತೂರಿಸಿ, "ಇಲ್ಲಿ ಸಂದಿ ಐತಿ ಬೇಟಾ, ಬಿಸಲು ಕಳ್ಳನಂಗ ಒಳಗ ಬರತೈತಿ" ಎಂದು ಅದನ್ನೂ ತೆಗೆದಳು. ನಾನು ಕಿವಿಯನ್ನು ಆಲದ ಮರದ ಕಡೆಗೇ ಇಟ್ಟಿದ್ದೆ.

ನಾಲ್ಕನೆಯದು ನೋಡಲು ಏನೂ ಚಂದ ಇರಲಿಲ್ಲ. ದಪ್ಪ ಕಡ್ಡಿ, ದುಂಡು ಗಾಜು. ಬೇರೆ ಇಟ್ಟಿದ್ದ ಬಳೆಯನ್ನು ಗಾಜಿನ ಮೇಲಿಟ್ಟರೆ ಸರಿಯಾಗಿ ಕೂತಿತು. ಮೂಗಿನ ಮೇಲೆ ನಿಂತಿತು, ತಲೆ ಅಲ್ಲಾಡಿಸಿದರೂ ಜಾರಲಿಲ್ಲ. ಚಾಚಿ ಕಡ್ಡಿಗಳ ತುದಿಗೆ ಹಸಿರು ದಾರ ಕಟ್ಟಿ ಹಿಂದೆ ಗಂಟು ಹಾಕಿದಳು. ನಾನು ತಂಗಿಯ ಕೈ ಹಿಡಿದೆ. ಆಗ ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಅಡ್ಡ ನಿಂತಳು. "ಇಡಿಸಿದಾಕಿಗೆ ಕೈ ಮುಗದು ಹೋಗು" ಎಂದಳು. ಬಳೆ ಇಡಿಸಿಕೊಂಡ ಮೇಲೆ ಬಳೆಗಾರ್ತಿಗೆ ಕೈ ಮುಗಿಯುವುದು ನಮ್ಮ ಕಡೆಯ ರೂಢಿ. ತಂಗಿ ಕೈ ಮುಗಿದಳು. ಅಷ್ಟರಲ್ಲಿ ಹಾರ್ನ್ ಆಯಿತು.

ಓಡಿದೆವು. ಎಂದೂ ಹಗಲಲ್ಲಿ ಓಡದ ಹುಡುಗಿ ಎರಡು ಸಲ ಎಡವಿದಳು, ಎದ್ದಳು, ಮತ್ತೆ ಓಡಿದಳು. ಬಸ್ಸು ತಿರುಗಿ ನಿಂತಿತ್ತು. ಅದರ ಮೂತಿ ನಮ್ಮ ಕಡೆಗಿತ್ತು. ತಂಗಿ ಸುಡುವ ಬಿಸಿಲಲ್ಲಿ ಕಣ್ಣು ಬಿಟ್ಟುಕೊಂಡು ನಿಂತಳು. ಒಂದು ಹನಿ ನೀರು ಬರಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋಗುವವರೆಗೂ ಅದರ ತಲೆಯನ್ನೇ ನೋಡಿದಳು. ಆಮೇಲೆ ಕೇಳಿದಳು, "ಅಕ್ಕಾ, ಕೊಂಬ ಎಲ್ಲಿ ಅದಾವ?" ನಾನು ನಕ್ಕು ನಕ್ಕು ಅಲ್ಲೇ ಕುಕ್ಕರಿಸಿದೆ. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಅವ್ವ ಮಾತ್ರ ಅಳುತ್ತಿದ್ದಳು.

ರಗಳೆ ಶುರುವಾದದ್ದು ಮಲಗುವ ಹೊತ್ತಿಗೆ. ಅವ್ವ ಚಸ್ಮಾ ಬಿಚ್ಚಲು ಹೋದರೆ ಆಯಿ ಬಿಡಲಿಲ್ಲ. "ಬಳಿಗಾರ್ತಿ ಇಡಿಸಿದ್ದು ತಗೀಬಾರದು. ಬರೇ ಕೈ ಮಾಡ್ತಾರೇನು?" ಎಂದಳು. ಇದು ಕೈಯಲ್ಲ, ಕಣ್ಣು ಎಂದು ಅಪ್ಪ ಹೇಳಿದರೂ ಕೇಳಲಿಲ್ಲ. ಕೈ ಮುಗಿದು ಇಡಿಸಿಕೊಂಡದ್ದಲ್ಲವೇ... ತಂಗಿ ಚಸ್ಮಾ ಹಾಕಿಕೊಂಡೇ ಮಲಗಿದಳು. ಬೆಳಗಾಗುವ ಮೊದಲು ಎದ್ದು, ಆ ಕತ್ತಲಲ್ಲಿ ಚಸ್ಮಾ ಹಾಕಿಕೊಂಡೇ ನಡೆದು ನೀರಿನ ಕೊಡ ಉರುಳಿಸಿದಳು. ಬೆಕ್ಕನ್ನು ತುಳಿದಳು. ಕಿವಿಯ ಹಿಂದೆ ಕೆಂಪಗೆ ಬಾಸುಂಡೆ ಎದ್ದಿತು. ಆದರೂ ಆಯಿ ಜಗ್ಗಲಿಲ್ಲ.

ಹಬ್ಬದ ಬಳೆ ಉಳಿದಿದ್ದವೆಂದು ಚಾಚಿ ಮುಂದಿನ ವಾರವೇ ಬಂದಳು. ಸಂಗತಿ ಕೇಳಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆದರೆ ಆಯಿಗೆ ತಪ್ಪು ಎನ್ನಲಿಲ್ಲ. ಗಂಟಿನಿಂದ ಒಂದು ಹಸಿರು ಬಳೆ ತೆಗೆದು ತಂಗಿಯ ಕೈಗೆ ಇಡಿಸಿದಳು. "ಆಯಿ, ಇದನ್ನ ತಗೀಬ್ಯಾಡ್ರಿ. ಚಸ್ಮಾ ತಗದಾಗ ಅದರ ಜಾಗಾ ಈ ಬಳಿ ಕಾಯತೈತಿ" ಎಂದಳು. ಆಯಿ ಬಳೆಯನ್ನು ತಿರುಗಿಸಿ ನೋಡಿ, "ಹಂಗಾದ್ರ ಆತು" ಎಂದಳು. ಆ ರಾತ್ರಿ ತಂಗಿ ಬರಿಗಣ್ಣಲ್ಲಿ ಮಲಗಿದಳು. ಮಳೆಗಾಲಕ್ಕೆ ನನ್ನ ಜತೆ ಸಾಲೆಗೂ ಬಂದಳು. ವರ್ಷ ವರ್ಷ ಚಸ್ಮಾ ಬದಲಾಯಿತು, ಚಾಚಿಯೇ ಆರಿಸಿ ತಂದಳು. ಹಸಿರು ಬಳೆ ಒಡೆದಾಗಲೆಲ್ಲ ಹೊಸದು ಇಡಿಸಿದಳು, ತಂಗಿ ದೊಡ್ಡವಳಾದಂತೆ ಒಂದರ ಜತೆ ಇನ್ನೊಂದು ಸೇರಿಸಿದಳು.

ಕೆಲವು ವರ್ಷಗಳ ಮೇಲೆ ಒಂದು ಹಬ್ಬಕ್ಕೆ ಬಸ್ಸು ಬಂತು, ಚಾಚಿ ಇಳಿಯಲಿಲ್ಲ. ಕಣ್ಣಿಗೆ ಪೊರೆ ಬಂದು ತೆಗೆಸಿದ್ದಾರೆ ಎಂದು ಸುದ್ದಿ ಬಂತು. ನಾನೂ ತಂಗಿಯೂ ಸವಣೂರಿಗೆ ಹೋದೆವು. ಚಾಚಿ ಮಂಚದ ಮೇಲೆ ದೊಡ್ಡ ಕರಿ ಚಸ್ಮಾ ಹಾಕಿಕೊಂಡು ಕುಳಿತಿದ್ದಳು. ತಂಗಿ ಅದನ್ನು ತೆಗೆದು ಬಾಗಿಲಿಗೆ ಹಿಡಿದು ಆಡಿಸಿದಳು, ಚಾಚಿಯ ಕೆನ್ನೆಯ ಪಕ್ಕ ಬೆರಳು ತೂರಿಸಿ ಸಂದಿ ನೋಡಿದಳು, ಮತ್ತೆ ಹಾಕಿದಳು. ಆಮೇಲೆ ತನ್ನ ಕೈಯ ಹಸಿರು ಬಳೆಗಳಲ್ಲಿ ಒಂದನ್ನು ಬಿಚ್ಚಿ ಚಾಚಿಯ ಕೈಗೆ ಏರಿಸತೊಡಗಿದಳು. ಊರಿಗೆಲ್ಲ ಬಳೆ ಇಡಿಸಿದ ಚಾಚಿ, ಗಂಡ ತೀರಿಕೊಂಡ ಮೇಲೆ ತಾನು ಒಂದೂ ಇಟ್ಟವಳಲ್ಲ. "ಬ್ಯಾಡ ಬೇಟಾ..." ಎಂದಳು. "ರಾತ್ರಿ ಚಸ್ಮಾ ತಗೀತೀರಲ್ರಿ ಚಾಚಿ, ಜಾಗಾ ಕಾಯಾಕ ಬೇಕಲ್ಲ" ಎಂದಳು ತಂಗಿ. ಚಾಚಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತಂಗಿಗೆ ಎರಡೂ ಕೈ ಮುಗಿದಳು.

ಮುಂದಿನ ಯುಗಾದಿಗೆ ಅವಳಿರಲಿಲ್ಲ. ಕೊನೆಯವರೆಗೂ ಆ ಬಳೆ ಕೈಯಲ್ಲೇ ಇತ್ತೆಂದು ಅವಳ ಸೊಸೆ ಹೇಳಿದಳು. ಇಡಿಸಿದ್ದು ತೆಗೆಯಬಾರದು ಎನ್ನುತ್ತಿದ್ದಳಂತೆ.

ತಂಗಿ ಈಗ ಹಾನಗಲ್ಲಿನಲ್ಲಿದ್ದಾಳೆ, ಇವತ್ತಿಗೂ ಕರಿ ಚಸ್ಮಾ, ಇವತ್ತಿಗೂ ಹಸಿರು ಬಳೆ. ನಾನು ಮೊಲದ ಚಸ್ಮಾವನ್ನು ಮೊಮ್ಮಗಳ ಮೂಗಿಗೆ ಏರಿಸಿ, ಪಕ್ಕಕ್ಕೆ ಬೆರಳು ತೂರಿಸಿ ನೋಡಿದೆ. ಸಂದಿ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಒಂದು ಚಿಕ್ಕ ಹಸಿರು ಬಳೆ ಕೊಂಡು ನಾನೇ ಅವಳ ಕೈಗೆ ಇಡಿಸಿದೆ. ಇಡಿಸಿಯಾದ ಮೇಲೆ ಕೈ ಮುಗಿಯಬೇಕು. ಯಾರಿಗೆ ಮುಗಿಯುವುದು... ಎದುರಿಗೆ ಸವಣೂರಿನ ಬಸ್ಸು ಬಂದು ನಿಂತಿತು. ಜನ ಇಳಿದರು. ಕೊನೆಯವರು ಇಳಿಯುವವರೆಗೂ ನೋಡುತ್ತ ನಿಂತೆ. ಆಮೇಲೆ ಮೊಮ್ಮಗಳ ಎರಡೂ ಕೈ ಜೋಡಿಸಿ ಆ ಬಸ್ಸಿಗೇ ಮುಗಿಸಿದೆ.