ಅಕ್ಕನ ಬಗ್ಗಿಯ ಸೋಮಾರಿ ಚಕ್ರ

ನಮ್ಮಕ್ಕ ಶಿವರುದ್ರಮ್ಮನಿಗೆ ಅರವತ್ತಾರು ವರ್ಷ. ಎರಡು ಮಂಡಿಗೂ ಆಪರೇಷನ್ ಆಗಿದೆ. ಯಡಿಯೂರಿನಾಚೆ ಒಂದು ತೆಂಗಿನ ತೋಟವಿದೆ, ಓಡಾಡಲು ಒಂದು ಕಾರಿದೆ. ಕಾರು ಅಂದರೆ ಬಾಗಿಲಿಲ್ಲ, ಮೇಲ್ಛಾವಣಿಯಿಲ್ಲ. ಕಬ್ಬಿಣದ ಪೈಪು ಬಗ್ಗಿಸಿ ಮಾಡಿದ ಪಂಜರ, ಒಳಗೆ ಎರಡು ಸೀಟು. ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದದ್ದನ್ನು ನಾವೇ ಜೋಡಿಸಿಕೊಳ್ಳಬೇಕಾದ ಕಿಟ್ ಕಾರು. ಇಂಜಿನ್ನೂ ಗೇರ್‌ಬಾಕ್ಸೂ ಹಳೆಯ ಮಾರುತಿ ಕಾರಿನವು, ಸೀಟಿನ ಹಿಂದೆ ಕೂತಿವೆ. ಊರವರು ಅದನ್ನು ಬಗ್ಗಿ ಅಂತಾರೆ. ಅಕ್ಕ ಮಾತ್ರ ‘ನನ್ನ ಮೂರನೇ ಮಂಡಿ’ ಅಂತಾಳೆ.

ನಾನು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರಿ. ಅಂಗಡಿ ನನ್ನದು ಅಂತ ಬೋರ್ಡಿನಲ್ಲಿದೆ, ಆದರೆ ಅದು ಉಳಿದದ್ದು ಅಕ್ಕನಿಂದ. ಅಪ್ಪ ತೀರಿಕೊಂಡಾಗ ನಾನು ಇನ್ನೂ ಚಡ್ಡಿ ಹಾಕುತ್ತಿದ್ದೆ. ಅಂಗಡಿಯ ಗದ್ದುಗೆಯ ಮೇಲೆ ಹೆಣ್ಣುಮಗಳು ಕೂತರೆ ಕೊಬ್ಬರಿ ಯಾರು ತರ್ತಾರೆ ಅಂತ ಚಿಕ್ಕಪ್ಪಂದಿರು ಕೇಳಿದರು. ಅಕ್ಕ ಕೂತಳು. ಮೂಟೆಯ ಬಾಯಿಗೆ ಇಟ್ಟ ಒಳ್ಳೆ ಮಾಲನ್ನು ಬಿಟ್ಟು ಮೊಣಕೈವರೆಗೂ ಕೈ ಇಳಿಸಿ ತಳದ್ದನ್ನೇ ತೆಗೆದು ಮೂಸುತ್ತಿದ್ದಳು. ನಾನು ಪಿಯುಸಿ ಮುಗಿಸುವವರೆಗೆ ಬಂದ ಗಂಡುಗಳನ್ನೆಲ್ಲ ‘ಕೊಬ್ಬರಿ ಇನ್ನೂ ಒಣಗಿಲ್ಲ’ ಅಂತ ವಾಪಸ್ಸು ಕಳಿಸಿದಳು. ಆಮೇಲೆ ಕುಣಿಗಲ್ ಕಡೆಗೆ ಮದುವೆಯಾಗಿ ಹೋದಳು. ಭಾವ ಹೋದ ಮೇಲೂ ತೋಟವನ್ನು ಒಬ್ಬಳೇ ನೋಡಿಕೊಂಡಳು. ಈಗಲೂ ಅವಳ ಕಾಯಿ ಕೊಳ್ಳುವವನು ನಾನೇ. ತಮ್ಮ ಅಂತ ಒಂದು ಕಾಯಿಯನ್ನೂ ಬಿಟ್ಟುಕೊಟ್ಟವಳಲ್ಲ.

ಮಂಡಿ ಸೋತ ಮೇಲೆ ಬಗ್ಗಿ ಬಂತು. ತಂದವನು ಅವಳ ಮಗ ಗುರುಪ್ರಕಾಶ್. ತುಮಕೂರಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿದ್ದಾನೆ, ಶೆಟ್ಟಿಹಳ್ಳಿಯಲ್ಲಿ ಮನೆ. ಊರಿನ ಕಾರಿಗೆಲ್ಲ ವಿಮೆ ಮಾಡಿಸಿ, ಯಾವ ವಿಮೆಯೂ ಒಪ್ಪದ ಕಾರನ್ನು ತಾಯಿಗೆ ಜೋಡಿಸಿಕೊಟ್ಟ. ಅಕ್ಕ ಸೆರಗು ಸಿಕ್ಕಿಸಿಕೊಂಡು ಮರಮರಕ್ಕೂ ಸುತ್ತತೊಡಗಿದಳು.

ತೊಂದರೆ ಇದ್ದದ್ದು ಒಂದೇ ಜಾಗದಲ್ಲಿ. ಮೇಲಿನ ತೋಟದಿಂದ ಕೆಳಗಿನ ತೋಟಕ್ಕೆ ಇಳಿಯುವ ದಾರಿ ಕೆರೆ ಏರಿಯ ಪಕ್ಕಕ್ಕಿದೆ. ಅಲ್ಲಿ ವರ್ಷವಿಡೀ ಜೌಗು. ಬಗ್ಗಿಯ ಎಡಗಡೆ ಹಿಂದಿನ ಚಕ್ರ ಕೆಸರಿಗೆ ಬಿದ್ದರೆ ಗಿರ್ರಂತ ಸುತ್ತುತ್ತಿತ್ತು. ಗಟ್ಟಿ ನೆಲದ ಮೇಲಿದ್ದ ಬಲಗಡೆ ಚಕ್ರ ಸುಮ್ಮನೆ ನೋಡುತ್ತಾ ನಿಲ್ಲುತ್ತಿತ್ತು. ಅಕ್ಕ ಹಾರನ್ ಒತ್ತಬೇಕು, ಪಕ್ಕದ ಹೊಲದ ರಂಗರಾಜು ಟ್ರ್ಯಾಕ್ಟರ್ ತಂದು ಎಳೆಯಬೇಕು.

“ಅಮ್ಮಾರೆ, ಇಲ್ಲೇ ಒಂದು ಶೆಡ್ ಹಾಕ್ಸಿ ಬುಡಿ, ಟ್ರ್ಯಾಕ್ಟ್ರು ಇಲ್ಲೇ ಇರ್ಲಿ,” ಅಂತ ಅವನು.

“ಕಾಫಿ ಕುಡಿಯೋಕೆ ನೀನೇ ಕೆಸರು ಕಲಸ್ತೀಯ ಅಂತ ನಂಗೆ ಅನುಮಾನ ಕಣೋ,” ಅಂತ ಇವಳು.

ಒಂದು ದಿನ ರಂಗರಾಜು ಊರಲ್ಲಿರಲಿಲ್ಲ, ಫೋನಿಗೆ ಸಿಗ್ನಲ್ ಇರಲಿಲ್ಲ, ಮಳೆ ಬಂತು. ಅಕ್ಕ ಪೈಪಿನ ಪಂಜರದಲ್ಲಿ ನೆನೆಯುತ್ತಾ ಸಂಜೆವರೆಗೆ ಕೂತಿದ್ದಳು. ಸುದ್ದಿ ಕೇಳಿ ಗುರುಪ್ರಕಾಶ್ ಹೆದರಿಹೋದ. ಭಾನುವಾರ ಬಂದವನೇ ತೀರ್ಪು ಕೊಟ್ಟ. “ಅಮ್ಮ, ಇನ್ನೊಂದ್ಸಲ ಸಿಕ್ಕಾಕ್ಕೊಂಡ್ರೆ ತೋಟ ಗುತ್ತಿಗೆಗೆ, ನೀನು ಶೆಟ್ಟಿಹಳ್ಳಿಗೆ. ಮಾವ ಗುತ್ತಿಗೆ ತಗೋತಾರೆ.”

ಇಬ್ಬರೂ ನನ್ನ ಮುಖ ನೋಡಿದರು. ನಾನು ವ್ಯಾಪಾರಿ, ತೋಟ ಗುತ್ತಿಗೆಗೆ ಬರುತ್ತೆ ಅಂದರೆ ಮೂಗು ತಾನಾಗಿಯೇ ಅರಳುತ್ತದೆ. ಅಕ್ಕ ಅದನ್ನೂ ಮೂಸಿ ನೋಡಿದಳು.

“ಆಗ್ಲಿ. ಆದ್ರೆ ಮೊದಲು ಗಾಡಿ ರಿಪೇರಿ ಆಗ್ಬೇಕು.” ನನ್ನ ಕಡೆ ತಿರುಗಿದಳು. “ಲೋ ರೇಣುಕ, ಗುತ್ತಿಗೆ ಆಸೆ ಆಮೇಲಿಟ್ಕೊ, ಒಬ್ಬ ಒಳ್ಳೆ ಮೆಕ್ಯಾನಿಕ್ ನೋಡು.”

ತುಮಕೂರಿನ ಬಟವಾಡಿಯಲ್ಲಿ ನನ್ನ ಲಗೇಜ್ ಗಾಡಿಗಳನ್ನು ನೋಡುವ ಹನುಮಂತರಾಜು ಇದ್ದ. ಬಗ್ಗಿಯನ್ನು ಟೆಂಪೋ ಮೇಲೆ ಹೇರಿಕೊಂಡು ಹೋದೆವು. ಅವನು ಸುತ್ತಲೂ ನೋಡಿ, “ಸಾವ್ಕಾರ್ರೆ, ಇದು ಕಾರಾ, ಕೋಳಿ ಗೂಡಾ?” ಅಂದ. ಆಮೇಲೆ ರೋಗ ಹೇಳಿದ. ಗಾಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಆ ಹೊಂದಾಣಿಕೆ ಮಾಡುವುದು ಗೇರ್‌ಬಾಕ್ಸಿನ ಹೊಟ್ಟೆಯಲ್ಲಿರುವ ಡಿಫರೆನ್ಷಿಯಲ್. ಅದಕ್ಕೊಂದು ಕೆಟ್ಟ ಬುದ್ಧಿ: ಯಾವ ಚಕ್ರ ಸುಲಭವಾಗಿ ಸುತ್ತುತ್ತದೋ ಶಕ್ತಿಯೆಲ್ಲ ಅದರ ಪಾಲು. ದುಡಿಯುವ ಮಗನನ್ನು ಬಿಟ್ಟು ಸೋಮಾರಿಗೇ ಬಡಿಸುವ ತಾಯಿಯ ಹಾಗೆ.

“ಒಳಗಿನ ಗೇರುಗಳಿಗೆ ವೆಲ್ಡಿಂಗ್ ಹೊಡೆದ್ಬಿಡ್ತೀನಿ. ಎರಡು ಚಕ್ರಾನೂ ಒಂದೇ ಆಗುತ್ತೆ.”

ಸುಲಭ ಅನ್ನಿಸಿತು. ಹೊಡೆಸಿದೆವು. ಬಗ್ಗಿ ಜೌಗನ್ನು ಬೆಣ್ಣೆಯ ಹಾಗೆ ದಾಟಿತು. ದಾಟಿದ ಮೇಲೆ ತೆಂಗಿನ ಪಾತಿಯ ಪಕ್ಕ ತಿರುಗಬೇಕಿತ್ತು. ಸ್ಟೀರಿಂಗ್ ತಿರುಗಿತು, ಮುಂದಿನ ಚಕ್ರಗಳೂ ತಿರುಗಿದವು, ಗಾಡಿ ಮಾತ್ರ ನೆಟ್ಟಗೆ ಹೋಯಿತು. ಹಿಂದಿನ ಎರಡು ಚಕ್ರ ಒಂದೇ ಸಮ ನೂಕುವಾಗ ಅದು ತಿರುಗುವುದಾದರೂ ಹೇಗೆ? ಡ್ರಿಪ್ ಪೈಪು ಕಿತ್ತು, ನೀರು ಅಕ್ಕನ ಮೇಲೆ ಚಿಮ್ಮಿ, ಮೂತಿ ಮರಕ್ಕೆ ತಾಗಿ ನಿಂತಿತು.

“ಸಿಕ್ಕಾಕ್ಕೊಂಡ್ತು!” ಅಂದ ಗುರುಪ್ರಕಾಶ್.

“ಎಲ್ಲಿ ಸಿಕ್ಕಾಕ್ಕೊಂಡಿದೆ? ಮರ ಅಡ್ಡ ಬಂತು,” ಅಂತ ಅಕ್ಕ ರಿವರ್ಸ್ ತೆಗೆದಳು. ಪಂಚಾಯ್ತಿಗೆ ರಂಗರಾಜು ಬಂದ. ಟ್ರ್ಯಾಕ್ಟರ್ ಇಲ್ಲದೆ ಈಚೆ ಬಂದ ಗಾಡಿ ಸಿಕ್ಕಿಹಾಕಿಕೊಂಡ ಲೆಕ್ಕಕ್ಕಿಲ್ಲ ಅಂತ ತೀರ್ಮಾನವಾಯಿತು. ಕಾಫಿಯ ಋಣ ಎಲ್ಲಿ ಹೋಗುತ್ತೆ.

ಹನುಮಂತರಾಜು ಬಂದು ಪಾತಿಗಳ ಸಾಲನ್ನು ನೋಡಿ ತಲೆ ಕೆರೆದುಕೊಂಡ. “ತಪ್ಪಾಯ್ತು ಅಮ್ಮ. ನಾನು ನೆಟ್ಟಗಿನ ರೋಡೇ ಮನಸ್ಸಲ್ಲಿಟ್ಕೊಂಡಿದ್ದೆ. ನಿಮ್ಗೆ ಬೇಕಾಗಿರೋದು ಲಿಮಿಟೆಡ್ ಸ್ಲಿಪ್. ತಿರುಗುವಾಗ ಚಕ್ರಗಳನ್ನ ಬಿಡುತ್ತೆ; ಒಂದು ಜಾರೋಕೆ ಶುರುವಾದ್ರೆ ಒಳಗಿನ ಪ್ಲೇಟುಗಳು ಅಮುಕಿ ಇನ್ನೊಂದಕ್ಕೂ ಎಳೆಯೋ ಶಕ್ತಿ ಕೊಡುತ್ತೆ. ರ್‍ಯಾಲಿ ಓಡಿಸೋರ ಹತ್ರ ಇರುತ್ತೆ, ನಮ್ಮಲ್ಲಿ ಸಿಗಲ್ಲ.”

ಸಿಗದ ಮಾಲು ಹುಡುಕುವುದು ನನ್ನ ಕಸುಬು. ಫೋನ್ ಮೇಲೆ ಫೋನ್ ಮಾಡಿ ಬೆಂಗಳೂರಲ್ಲಿ ಹಳೇ ರ್‍ಯಾಲಿ ಕಾರು ಬಿಚ್ಚಿ ಮಾರುವವನೊಬ್ಬನನ್ನು ಹಿಡಿದೆ.

“ಯಾವ ರ್‍ಯಾಲಿಗೆ ಸಾರ್?”

“ಯಡಿಯೂರು ತೋಟದ್ದು.”

“ಡ್ರೈವರ್ ಯಾರು?”

“ಅರವತ್ತಾರು ವರ್ಷ. ಎರಡೂ ಮಂಡಿ ಸ್ಟೀಲು.”

ಅವನು, “ತಗೊಂಡೋಗಿ ಸಾರ್, ಒಳ್ಳೆ ಕೈಗೆ ಹೋಗುತ್ತೆ,” ಅಂದ. ಆ ಪುಣ್ಯಾತ್ಮನ ಮುಖ ನಾನು ಇವತ್ತಿಗೂ ನೋಡಿಲ್ಲ. ಹಾಳಾದ ಪ್ಲೇಟುಗಳನ್ನು ತಾನೇ ಬದಲಾಯಿಸಿ ಕಳಿಸಿದ್ದ.

ಹನುಮಂತರಾಜು ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದ. ವೆಲ್ಡಿಂಗ್ ಹೊಡೆದಿದ್ದ ಭಾಗ ಗುಜರಿಗೆ ಹೋಯಿತು. ದೊಡ್ಡ ಹಲ್ಲಿನ ಚಕ್ರವನ್ನು ಹೊಸದಕ್ಕೆ ಕೂರಿಸಿ, ಬೇರಿಂಗಿನ ಹಿಂದೆ ಕಾಗದದಷ್ಟು ತೆಳ್ಳನೆ ತಗಡು ಇಟ್ಟು, ತಿರುಗಿಸಿ ನೋಡಿ, ಬಿಚ್ಚಿ, ಮತ್ತೆ ಇಟ್ಟ. ತಾನು ಮಾಡಿದ ತಪ್ಪಿಗೆ ತಾನೇ ಕೂಲಿ ಅಂತ ನನ್ನ ಹತ್ತಿರ ಮಜೂರಿ ಮುಟ್ಟಲಿಲ್ಲ. ಬಟವಾಡಿಯಲ್ಲಿ ಇಂಥವರು ಇನ್ನೂ ಇದ್ದಾರೆ ಅಂತ ಬರೆದರೆ ನನ್ನ ಜೊತೆಯ ವ್ಯಾಪಾರಿಗಳು ನಂಬಲಿಕ್ಕಿಲ್ಲ.

ಪರೀಕ್ಷೆಯ ಭಾನುವಾರದ ಹಿಂದಿನ ದಿನ ಚೆನ್ನಾಗಿ ಮಳೆ ಹೊಡೆಯಿತು. ಜೌಗಿನ ಪಕ್ಕ ನಾವೆಲ್ಲ ಸಾಲಾಗಿ ನಿಂತೆವು. ಹನುಮಂತರಾಜು, “ತಿರುವಲ್ಲಿ ಕಟಕಟ ಅಂತ ಸದ್ದು ಬರುತ್ತೆ, ಹೆದರ್ಕೋಬೇಡಿ ಅಮ್ಮ,” ಅಂದ.

“ನನ್ ಮಂಡೀನೂ ಅದೇ ಸದ್ದು ಮಾಡ್ತಿತ್ತು. ಹೆದರಿದ್ನಾ?”

ಇಳಿದಳು. ಎಡಗಡೆ ಚಕ್ರ ಕೆಸರಿಗೆ ಬಿತ್ತು, ಗಿರ್ರಂತು. ಗುರುಪ್ರಕಾಶ್ ಕಣ್ಣು ಮುಚ್ಚಿಕೊಂಡ. ನನಗೆ ಅಲ್ಲಿ ಕಂಡದ್ದು ಗದ್ದುಗೆಯ ಮೇಲೆ ಕೂತ ಆ ಹುಡುಗಿ. ಕೈ ಮೂಟೆಯ ತಳದಲ್ಲಿ, ಎದುರಿಗೆ ನಿಂತ ಗಂಡಸರೆಲ್ಲ ಈಗ ಸೋಲ್ತಾಳೆ ಅಂತ ಕಾಯುತ್ತಿದ್ದರು. ಅವಳು ಆವತ್ತು ಎದ್ದುಹೋಗಿದ್ದರೆ ನಾನು ಇವತ್ತು ಯಾರದೋ ಅಂಗಡಿಯಲ್ಲಿ ಮೂಟೆ ಹೊಲಿಯುತ್ತಿದ್ದೆ.

ಬಲಗಡೆ ಚಕ್ರ ನೆಲ ಕಚ್ಚಿತು. ಬಗ್ಗಿ ಒಮ್ಮೆ ಸೊಂಟ ಅಲ್ಲಾಡಿಸಿ, ಕೆಸರನ್ನು ರಂಗರಾಜುವಿನ ಬಿಳಿ ಷರಟಿಗೆ ಎರಚಿ, ಆಚೆ ದಡ ಹತ್ತಿತು. ಪಾತಿಯ ಪಕ್ಕ ಕಟಕಟ ಅಂತ ಸೊಗಸಾಗಿ ತಿರುಗಿತು. ಅಕ್ಕ ನಿಲ್ಲಿಸಲಿಲ್ಲ, ಕೈ ಬೀಸಲೂ ಇಲ್ಲ. ಮರಗಳ ಮಧ್ಯೆ ಕಾಣದಾದಳು.

ಕಾದೆವು. ಗುರುಪ್ರಕಾಶ್ ಎರಡು ಸಲ “ಹೋಗಿ ನೋಡೋಣ್ವಾ ಮಾವ?” ಅಂದ. ಎರಡು ಸಲವೂ ನಾನು ಅವನ ತೋಳು ಹಿಡಿದುಕೊಂಡೆ.

ಬಹಳ ಹೊತ್ತಿನ ಮೇಲೆ ಬಂದಳು. ಪಕ್ಕದ ಸೀಟಿನ ತುಂಬ ಕಾಯಿ. ಯಾರೂ ಆರಿಸದೆ ಬಿದ್ದಲ್ಲೇ ಮೊಳಕೆ ಬಂದವು. ಮಗನ ಎದುರು ಬಗ್ಗಿ ನಿಲ್ಲಿಸಿ ಎರಡು ಸಸಿ ಅವನ ಕೈಗಿಟ್ಟಳು.

“ಶೆಟ್ಟಿಹಳ್ಳಿ ಮನೆ ಮುಂದೆ ನೆಡು. ನಾನು ನೆಂಟಳಾಗಿ ಬಂದಾಗ ನೀರು ಹಾಕಿದ್ದೀಯೋ ಇಲ್ವೋ ನೋಡ್ತೀನಿ.”

ಅವನು ನಕ್ಕ, ಕಣ್ಣೊರೆಸಿಕೊಂಡ. ತೋಟದ ಗುತ್ತಿಗೆ ನನ್ನ ಕೈತಪ್ಪಿತು. ಇಷ್ಟು ಸಂತೋಷ ಕೊಟ್ಟ ನಷ್ಟ ನನ್ನ ವ್ಯಾಪಾರದಲ್ಲಿ ಇನ್ನೊಂದಿಲ್ಲ. ನಾನು ಬಾಗಿ ಅಕ್ಕನ ಕಾಲಿಗೆ ಅಂಟಿದ್ದ ಕೆಸರನ್ನು ನನ್ನ ಟವೆಲಿನಿಂದ ಒರೆಸಿದೆ.

“ಟವೆಲ್ ಯಾಕೋ ಹಾಳ್ಮಾಡ್ಕೊತೀಯ, ನಾಳೆ ಮತ್ತೆ ಇಳೀಬೇಕು ಕಣೋ,” ಅಂದಳು.